ರಿಚ್ಮಂಡಿನಲ್ಲಿ ನಿಂತ ಬೋಗಿ

ಈಫ್ರೈಮ್ ಟಾಲಿವರನ ಮಗಳ ಮದುವೆ ಮೂರು ಗಂಟೆಗೆ. ಚರ್ಚು ಹಳಿ ದಾಟಿದರೆ ನಾಲ್ಕು ಬೀದಿಯಾಚೆ. ಅವನು ಮಾತ್ರ ರಿಚ್ಮಂಡ್ ನಿಲ್ದಾಣದಲ್ಲಿ ನಿಂತಿದ್ದ ಖಾಸಗಿ ಬೋಗಿಯೊಳಗೆ ಕಾಫಿ ಬಗ್ಗಿಸುತ್ತಿದ್ದ.

ಸಿಕ್ಕಿದ್ದ ರಜೆಯನ್ನು ರೈಲು ಕಂಪನಿಯ ಧಣಿ ಹ್ಯಾಲಕ್ ಬೆಳಿಗ್ಗೆ ಕಿತ್ತುಕೊಂಡಿದ್ದ. "ದೇಶದ ಅಧ್ಯಕ್ಷರೇ ಬರ್ತಿದಾರೆ ಕಣಯ್ಯಾ ಜಾರ್ಜ್. ಒಂದು ಗಂಟೆ ಮಾತು, ಆಮೇಲೆ ಹೋಗುವೆಯಂತೆ." ಬಿಳಿಯರ ಬಾಯಲ್ಲಿ ರೈಲಿನ ಕರಿಯ ಪರಿಚಾರಕರೆಲ್ಲರೂ ಜಾರ್ಜೇ. ಆ ಹೆಸರಿಗೆ ಓಗೊಟ್ಟು ಓಗೊಟ್ಟು ಈಫ್ರೈಮ್ ದಣಿದಿದ್ದ.

ಅಧ್ಯಕ್ಷರು ಬಂದದ್ದೇ ಎರಡೂವರೆಗೆ. ಊರ ಚೌಕದಲ್ಲಿ ರೈಲು ಕಂಪನಿಗಳ ಸೊಕ್ಕಡಗಿಸುತ್ತೇನೆಂದು ಗುಡುಗಿ, ಗಂಟಲು ಕಟ್ಟಿಸಿಕೊಂಡಿದ್ದರು. ಹ್ಯಾಲಕ್ ತಾನೇ ಅವರ ಕೋಟು ಇಸಿದುಕೊಂಡ.

"ಚೆನ್ನಾಗಿ ಬೈದಿರಂತೆ!"

"ಬೈಯದಿದ್ರೆ ಓಟು ಹಾಕ್ತಾರೇನಪ್ಪಾ?"

ಇಬ್ಬರೂ ನಕ್ಕರು. ಚುರುಟು ಹೊತ್ತಿತು, ಸಾಗಣೆ ದರದ ಮಾತು ಶುರುವಾಯಿತು. ಇದೇ ಮೇಜಿನಲ್ಲಿ ಈಫ್ರೈಮ್ ಹಿಂದಿನ ಇಬ್ಬರು ಅಧ್ಯಕ್ಷರಿಗೂ ಬಡಿಸಿದ್ದ. ನಗು ಕೂಡ ಇದೇ.

"ಯಾವೂರೋ ನಿಂದು?" ಅಧ್ಯಕ್ಷರು ಕೇಳಿದರು.

"ಇದೇ ಊರು, ಸ್ವಾಮಿ."

"ಹಾಗಾದ್ರೆ ಮನೇಲೇ ಇದೀಯ ಅನ್ನು!"

ಅಡುಗೆಯ ಸೈಲಸ್ ಅವನನ್ನು ಹಿಂಬಾಗಿಲಿಗೆ ಎಳೆದ. "ಅಣ್ಣಾ, ಕೋರಾ ಹೇಳಿ ಕಳಿಸಿದಾಳೆ. ಅಪ್ಪ ಬರದೆ ಮದುವೆ ಆಗಲ್ವಂತೆ. ಪಾದ್ರಿ ಐದರತನಕ ಕಾಯ್ತಾರಂತೆ. ಗಂಡಿನ ಕಡೆಯೋರು ಆಗಲೇ ಕೇಕಿಗೆ ಕೈಹಾಕಿದಾರೆ!"

ನಗಲಿಕ್ಕೂ ಈಫ್ರೈಮನಿಗೆ ತ್ರಾಣವಿರಲಿಲ್ಲ.

ನಾಲ್ಕೂವರೆಗೆ ದರ ಕುದುರಿತು. "ಅಧ್ಯಕ್ಷರನ್ನ ವಾಷಿಂಗ್ಟನ್‌ವರೆಗೂ ಬಿಟ್ಟುಬರೋಣ. ರಜೆ ಮುಂದಿನ ವಾರ ತಗೋ," ಎಂದ ಹ್ಯಾಲಕ್.

ಹೊರಡುವ ಮುನ್ನ ಅಧ್ಯಕ್ಷರು ಪತ್ರಿಕೆಯವರಿಗೆ ಕೈಬೀಸಲು ಇಳಿದರು. ಈಫ್ರೈಮ್ ಎಂದಿನಂತೆ ಮೆಟ್ಟಿಲ ಕೆಳಗೆ ಮರದ ಮಣೆಯಿಟ್ಟ. ಅವರು ಅದನ್ನೇರಿ ಒಳಗೆ ಹೋದರು. ಇನ್ನು ಅವನು ಮಣೆ ಎತ್ತಿ ಒಳಗಿಡಬೇಕು; ಅದನ್ನು ಕಂಡಮೇಲೇ ಗಾರ್ಡು ಬಾವುಟ ಬೀಸುವುದು.

ಈಫ್ರೈಮ್ ಮಣೆಯ ಮೇಲೆ ಕುಳಿತುಬಿಟ್ಟ.

"ಜಾರ್ಜ್! ಎತ್ತೋ ಅದನ್ನ!" ಕಿಟಕಿಯಿಂದ ಹ್ಯಾಲಕ್ ಕೂಗಿದ.

"ಏಳಣ್ಣಾ, ಕೆಲಸ ಹೋಗತ್ತೆ," ಸೈಲಸ್ ಪಿಸುಗುಟ್ಟಿದ.

"ಹೋಗ್ಲಿ ಬಿಡೋ. ಕಾಲು ನೋಯ್ತಿದೆ."

ಸುಧಾರಿಸಿಕೊಂಡು ಎದ್ದವನೇ ಮಣೆಯನ್ನು ಸೈಲಸನ ಕೈಗಿತ್ತು ಹಳಿ ದಾಟಿದ. ಓಡುವ ಆಸೆಯಿತ್ತು, ಆಗಲಿಲ್ಲ.

ಚರ್ಚಿನ ಬೀದಿಯ ತಿರುವಿನಲ್ಲೇ ಕೋರಾ ಬಿಳಿಯುಡುಪು ಎತ್ತಿಹಿಡಿದು ನಿಂತಿದ್ದಳು.

"ಎಷ್ಟು ದಿನ ರಜೆ ಅಪ್ಪಾ?"

"ಇನ್ನು ಬೇಕಾದಷ್ಟಿದೆ ಕಣವ್ವಾ." ಅವಳ ತೋಳಿನ ಮೇಲೆ ಭಾರ ಬಿಟ್ಟ. "ನಾನು ನಿನ್ನ ಪಾದ್ರಿ ಮುಂದಕ್ಕೆ ನಡೆಸಿಕೊಂಡು ಹೋಗ್ಬೇಕಿತ್ತು. ಇವತ್ತು ನೀನೇ ಸ್ವಲ್ಪ ನಡೆಸು."