ಬಾಳೆಗೊನೆ ಬಲಿಯುವವರೆಗೆ

ನಾನು ಮೊದಲ ಪಿಯುಸಿಯಲ್ಲಿದ್ದಾಗ ಚಾಮರಾಜನಗರದಲ್ಲಿ ಜಿಲ್ಲಾ ಮಟ್ಟದ ಖೋ ಖೋ ನಡೆಯಿತು. ಸೆಮಿಫೈನಲ್‌ನಲ್ಲಿ ನನ್ನ ಜೊತೆ ಓಡುತ್ತಿದ್ದ ಇಬ್ಬರೂ ಔಟಾದ ಮೇಲೂ ನಾನು ಬಹಳ ಹೊತ್ತು ಸಿಕ್ಕಿರಲಿಲ್ಲ. ಆದರೂ ಸೋತೆವು. ಬ್ಯಾಗು ಎತ್ತಿಕೊಳ್ಳುತ್ತಿದ್ದಾಗ ಅಲ್ಲಿನ ಡಿಗ್ರಿ ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕರು ಬಂದು ನನ್ನ ನೋಟ್‌ಬುಕ್ಕಿನಲ್ಲಿ ತಮ್ಮ ಫೋನ್ ನಂಬರ್ ಬರೆದರು.

"ಸೆಕೆಂಡ್ ಪಿಯುಸಿ ಶುರುವಾದ ತಕ್ಷಣ ಒಂದು ಫೋನ್ ಮಾಡಮ್ಮ. ರಿಸಲ್ಟ್‌ಗೆ ಕಾಯ್ಬೇಡ."

ಅವರ ತಂಡಕ್ಕೆ ವರ್ಷಕ್ಕೆ ನಾಲ್ಕೇ ಹೊಸ ಹುಡುಗಿಯರು. ನಾಲ್ವರಿಗೂ ಹಾಸ್ಟೆಲ್. ನಮ್ಮೂರು ಹಂಗಳದಿಂದ ಆ ಕಾಲೇಜಿಗೆ ಗುಂಡ್ಲುಪೇಟೆಯಲ್ಲಿ ಬದಲಿಸಿ ಎರಡು ಬಸ್ಸು ಹಿಡಿಯಬೇಕು. ಬೆಳಗಿನ ಆರು ಗಂಟೆಯ ಅಭ್ಯಾಸಕ್ಕೆ ಮನೆಯಿಂದ ಹೋಗುವ ಮಾತೇ ಇಲ್ಲ. ಹಾಸ್ಟೆಲ್ ಸಿಕ್ಕರೆ ಆಟ, ಇಲ್ಲದಿದ್ದರೆ ಇಲ್ಲ. ಇದು ನನಗೆ ಆ ದಿನವೇ ಗೊತ್ತಿತ್ತು.

ಎರಡನೇ ಪಿಯುಸಿ ಶುರುವಾದ ವಾರ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಸಂತೋಷವಾಯಿತು. ಆದರೆ ಫೋನ್ ಎಂದದ್ದು ಹಿಡಿಸಲಿಲ್ಲ.

"ಪೋನಲ್ಲಿ ಕೇಳಾಕೆ ಅದೇನು ಗ್ಯಾಸ್ ಬುಕ್ ಮಾಡದಾ? ದೊಡ್ಡೋರ್ನ ಎದ್ರಿಗೆ ಓಗಿ ಕೇಳ್ಬೇಕು ಕಣಮ್ಮಿ. ಬರಿಗೈಲಿ ಓಗಾಕಾಯ್ತದಾ? ಈಗ ನೆಟ್ಟಿರೋ ಏಲಕ್ಕಿ ಬಾಳೆ ಗೊನೆ ಬುಟ್ಟು ಬಲೀಲಿ, ನಿನ್ನ ಮಾರ್ಕ್ಸ್ ಕಾರ್ಡೂ ಬರ್ಲಿ. ಇಬ್ರೂ ಓಗನ ಬುಡು."

ಒಲೆಯ ಮುಂದಿದ್ದ ಅಜ್ಜಿ ನಕ್ಕಿತು. "ಓಡೋ ಎಣ್ಮಕ್ಕಳ್ಗೆ ಕಾಲೇಜಲ್ಲಿ ಸೀಟು ಕೊಟ್ಟಾರಾ? ಅಂಗಾರೆ ನಮ್ಮ ಅಸೂನೂ ಕರ್ಕೊಂಡೋಗ್ಲಾ. ದಿನಾ ಅಗ್ಗ ಕಿತ್ಕೊಂಡು ಓಡ್ತದೆ."

ಎದುರಿಗೆ ಹೋಗಿ ಕೇಳುವುದು ನಮ್ಮ ಮನೆಯ ರೂಢಿ. ಯಾರಿಂದಲಾದರೂ ಏನಾದರೂ ಆಗಬೇಕಿದ್ದರೆ ಬಿಳಿ ಶರ್ಟು ಹಾಕಿ, ವಿಭೂತಿ ಇಟ್ಟು, ತೋಟದ ಹಣ್ಣು ಹಿಡಿದು ಹೋಗಬೇಕು. ಫೋನಿನಲ್ಲಿ ಕೇಳಿದರೆ ಅವರಿಗೂ ನಮಗೂ ಮರ್ಯಾದೆಯಲ್ಲ. ಅಪ್ಪ ನನ್ನ ಮರ್ಯಾದೆಯನ್ನೇ ಕಾಪಾಡುತ್ತಿದ್ದರು.

ನಾನೊಂದು ಮೆಸೇಜು ಬರೆದಿಟ್ಟಿದ್ದೆ. ಹೆಸರು, ಊರು, ಓದುತ್ತಿರುವ ತರಗತಿ, 'ತಂಡಕ್ಕೆ ಸೇರಲು ಆಸೆಯಿದೆ ಸರ್' ಎಂಬ ಒಂದು ಸಾಲು. ದಿನಾ ಓದುತ್ತಿದ್ದೆ, ಒಂದು ಪದ ತಿದ್ದುತ್ತಿದ್ದೆ, ಕಳಿಸುತ್ತಿರಲಿಲ್ಲ. ಅಪ್ಪ ಒಪ್ಪಿಲ್ಲವೆಂದು ಕಳಿಸಲಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಅದು ಅರ್ಧ ನಿಜ. ನನಗೆ ಇದು ಬೇಕು ಎಂದು ಹೊರಗಿನವರ ಮುಂದೆ ಹೇಳಿ ನನಗೆ ಅಭ್ಯಾಸವಿರಲಿಲ್ಲ.

ಫಲಿತಾಂಶ ಬಂತು. ಗೊನೆಯೂ ಹಣ್ಣಾಯಿತು. ಮೂರು ಚಿಪ್ಪು ಬಾಳೆಹಣ್ಣನ್ನು ಚೀಲದಲ್ಲಿಟ್ಟು, ಜಜ್ಜಿಹೋಗದಂತೆ ತೊಡೆಯ ಮೇಲಿಟ್ಟುಕೊಂಡು ಅಪ್ಪ ಚಾಮರಾಜನಗರದವರೆಗೂ ಕೂತರು. ನಿರ್ದೇಶಕರು ಮೈದಾನದಲ್ಲಿದ್ದರು. ನನ್ನನ್ನು ಕಂಡೊಡನೆ ಗುರುತು ಹಿಡಿದರು.

"ಯಾಕಮ್ಮ ಫೋನ್ ಮಾಡ್ಲಿಲ್ಲ? ಆಯ್ಕೆ ಫೆಬ್ರವರೀಲೇ ಮುಗೀತು. ನಿಂಗೆ ಅಂತ ಒಂದು ಜಾಗ ಮಾರ್ಚ್‌ವರೆಗೂ ಇಟ್ಕೊಂಡಿದ್ದೆ."

"ತಪ್ಪಾಯ್ತು ಸಾಮಿ. ಎದ್ರಿಗೆ ಬಂದು ಕೇಳ್ಮಾ ಅಂತ..." ಅಪ್ಪ ಅಷ್ಟಕ್ಕೇ ನಿಲ್ಲಿಸಿ ಚೀಲ ಮುಂದೆ ಮಾಡಿದರು.

ನಿರ್ದೇಶಕರು ಆಡುತ್ತಿದ್ದ ಹುಡುಗಿಯರನ್ನು ಕರೆದು ಹಣ್ಣು ಹಂಚಿದರು. ಬೆವರಿದ ಮುಖದ ಒಬ್ಬಳು, "ಅಂಕಲ್, ಸಖತ್ ಸಿಹಿ!" ಎಂದಳು. ಅಪ್ಪ ಒಂದು ಕ್ಷಣ ಎಲ್ಲ ಮರೆತು ನಕ್ಕರು. ನಾನು ಅವಳ ಕಾಲಿನ ಕೆಂಪು ಧೂಳು ನೋಡುತ್ತಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಮೆಲ್ಲಗೆ ಕೇಳಿದರು. "ನೀನಾರ ವಸಿ ಜೋರಾಗಿ ಏಳ್ಬಾರ್ದಾಗಿತ್ತಾ ಅಮ್ಮಿ?"

ಅಂಕಗಳ ಮೇಲೆ ಅದೇ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದೆ. ತರಗತಿ ನಾಲ್ಕಕ್ಕೆ ಮುಗಿಯುತ್ತಿತ್ತು, ಗುಂಡ್ಲುಪೇಟೆಯ ಬಸ್ಸು ಐದೂ ಕಾಲಿಗೆ. ನಡುವಿನ ಹೊತ್ತು ಮೈದಾನದ ಕಲ್ಲುಬೆಂಚಿನಲ್ಲಿ ಪುಸ್ತಕ ತೆರೆದು ಕೂರುತ್ತಿದ್ದೆ. ಯಾರು ಎಡಕ್ಕೆ ತಿರುಗುವಾಗ ನಿಧಾನ, ಯಾರು ಕಂಬದ ಹತ್ತಿರ ತಡವರಿಸುತ್ತಾಳೆ, ಎಲ್ಲ ತಿಳಿದಿತ್ತು. ನಾನಿದ್ದರೆ ಎಲ್ಲಿ ಹೊರಳುತ್ತಿದ್ದೆ ಎಂಬುದನ್ನು ಕೂತಲ್ಲೇ ಕಾಲು ಲೆಕ್ಕ ಹಾಕುತ್ತಿತ್ತು.

ಎರಡನೇ ವರ್ಷದ ಒಂದು ಸಂಜೆ ಒಬ್ಬಳಿಗೆ ಜ್ವರ. ಅಭ್ಯಾಸಕ್ಕೆ ಒಬ್ಬರು ಕಡಿಮೆ. ನಿರ್ದೇಶಕರು ಬೆಂಚಿನ ಕಡೆ ತಿರುಗಿದರು.

"ಏಯ್ ಹಂಗಳ, ಬರ್ತೀಯೇನಮ್ಮ?"

ದುಪಟ್ಟಾ ಸೊಂಟಕ್ಕೆ ಕಟ್ಟಿ, ಚಪ್ಪಲಿ ಬಿಟ್ಟು ಇಳಿದೆ. ಸಿಕ್ಕಿಬಿದ್ದಾಗ ಉಸಿರು ಎದೆಯಲ್ಲಿ ನಿಲ್ಲುತ್ತಿರಲಿಲ್ಲ. ಐದು ಗಂಟೆಯಾಗಿತ್ತು. "ಇನ್ನೊಂದು ಸಲ?" ಎಂದರು. ಬಸ್ಸು ಹೋಗಲಿ ಎಂದುಕೊಂಡೆ.

ಆಮೇಲೆ ನಿಲ್ದಾಣದಿಂದ ಅಪ್ಪನಿಗೆ ಫೋನ್ ಮಾಡಿದೆ. "ಬಸ್ಸು ತಪ್ಪೋಯ್ತು. ಮುಂದಿನದ್ರಲ್ಲಿ ಬತ್ತೀನಿ. ಗುಂಡ್ಲುಪೇಟೆಗೆ ಬೈಕ್ ತಕ್ಕೊಂಡು ಬಾಪ್ಪ."

"ಯಾಕಮ್ಮಿ, ಏನಾಯ್ತು?"

"ಆಡ್ದೆ."

ಆ ಕಡೆ ಅಪ್ಪ ಬೈಕಿನ ಕೀ ಎತ್ತಿಕೊಂಡ ಸದ್ದಾಯಿತು. ನಂತರ ಕೇಳಿದರು, "ಅವ್ರ ಕೈಗೆ ಎಷ್ಟೊತ್ತು ಸಿಗ್ನಿಲ್ಲ?"