ತಮ್ಮನಿಗೆ ಕೊಡಲಾಗದ ಕಿಡ್ನಿ

ನನ್ನ ತಮ್ಮನ ಎರಡೂ ಕಿಡ್ನಿ ಕೆಟ್ಟಿದ್ದವು. ಐದನೆಯ ಹಂತ, ಇದರಾಚೆ ಹಂತವೇ ಇಲ್ಲ ಎಂದಿದ್ದರು ಉದಗೀರದ ಡಾಕ್ಟರು. ವಲಾಂಡಿಯಲ್ಲಿ ಕುರಿ ಸಾಕಿಕೊಂಡಿದ್ದವನು ಈಗ ವಾರಕ್ಕೆರಡು ಸಲ ಉದಗೀರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ನಾನು ಔರಾದ ಶಹಾಜನಿಯ ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ನಮ್ಮಿಬ್ಬರ ರಕ್ತದ ಗುಂಪು ಒಂದೇ. ನನ್ನದೊಂದು ಕೊಡುತ್ತೇನೆ ಎಂದೆ. ಅವನ ಹೆಂಡತಿ ನನ್ನ ಕಾಲು ಹಿಡಿದುಕೊಂಡು ಅತ್ತಳು.

ನನ್ನ ರಕ್ತ, ಮೂತ್ರದ ತಪಾಸಣೆ ಆಯಿತು. ರಿಪೋರ್ಟು ನೋಡಿದ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆ, ರಕ್ತದಲ್ಲಿ ಕ್ರಿಯಾಟಿನಿನ್ ಹೆಚ್ಚಿದೆ, ಆದರೆ ಒಂದೇ ಸಲಕ್ಕೆ ಹೇಳಲಾಗದು, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ನನಗೆ ನೋವಿರಲಿಲ್ಲ, ಬಾವಿರಲಿಲ್ಲ. ಮೂರು ತಿಂಗಳ ಮೇಲೆ ಬಂದ ರಿಪೋರ್ಟೂ ಹಾಗೆಯೇ ಇತ್ತು. ಸೋನೋಗ್ರಫಿಯಲ್ಲಿ ಎರಡೂ ಕಿಡ್ನಿ ಸಣ್ಣಗಾಗಿದ್ದವು.

"ತಿಸರಾ ಟಪ್ಪಾ," ಎಂದರು ಡಾಕ್ಟರು ಮರಾಠಿಯಲ್ಲಿ. ಮೂರನೆಯ ಹಂತ.

"ಒಂದ್ ತಕ್ಕೊಂಡು ಅಂವಗ ಹಾಕ್ರಿ. ಉಳದದ್ರ ಮ್ಯಾಲ ನಾ ಇರ್ತೀನಿ."

ಅವರು ಆಗದೆಂದು ತಲೆಯಾಡಿಸಿದರು. ಯಾವ ಆಸ್ಪತ್ರೆಯವರೂ ನಿಮ್ಮದನ್ನು ತೆಗೆಯುವುದಿಲ್ಲ ಎಂದರು.

ಆಗ ನಿಲಂಗಾ ಊರಿನವರೊಂದಿಗೆ ನನ್ನ ಮಗಳ ಮದುವೆಯ ಮಾತು ನಡೆದಿತ್ತು. ಅಕ್ಕ ತಮ್ಮ ಇಬ್ಬರಿಗೂ ಅದೇ ರೋಗವೆಂದು ಗೊತ್ತಾದರೆ ಬೀಗರು ಹಿಂದೆ ಸರಿಯುತ್ತಾರೆಂದು ಹೆದರಿದೆ. ತಮ್ಮನಿಗೆ ಸುಳ್ಳು ಹೇಳಿದೆ.

"ನಂದು ನಿನಗ ಕೂಡಲ್ದಂತ. ಡಾಕ್ಟರ್ ಬ್ಯಾಡ ಅಂದಾರ."

"ರಕ್ತ ಒಂದೇ ಅದ ಅಂದಿದ್ರಲ್ಲಕ್ಕಾ?"

"ಮತ್ತೇನೇನೋ ನೋಡ್ತಾರಂತ."

"ಮನಸಿಲ್ಲಂದ್ರ ಸೀದಾ ಹೇಳಕ್ಕಾ. ನಾ ಸಿಟ್ಟ ಮಾಡಲ್ಲ."

ನಾನು ಬಾಯಿ ಬಿಡಲಿಲ್ಲ. ಅವನು ಅದನ್ನೇ ಉತ್ತರವೆಂದು ತಿಳಿದುಕೊಂಡ.

ಮಗಳ ಮದುವೆಗೆ ಬಂದ. ಬಾತ ಕಾಲಿಗೆ ಚಪ್ಪಲಿ ಹಿಡಿಯದೆ ಬರಿಗಾಲಲ್ಲೇ ಕುರ್ಚಿಯಲ್ಲಿ ಕುಳಿತು ಅಕ್ಷತೆ ಹಾಕಿದ. ಊಟ ಮಾಡದೆ ಹೋದ. ದೀಪಾವಳಿ ಮುಗಿದ ವಾರ ಉದಗೀರದ ಆಸ್ಪತ್ರೆಯಲ್ಲಿ ತೀರಿಕೊಂಡ.

ದಿನಕರ್ಮವಾದ ಮೇಲೆ ನನ್ನ ಫೈಲು ತೆಗೆದುಕೊಂಡು ಹೋಗಿ ತಮ್ಮನ ಹೆಂಡತಿಯ ಮುಂದೆ ಬಿಚ್ಚಿದೆ. ಎಲ್ಲ ಹೇಳಿದೆ. ಆಕೆ ಕಾಗದ ಮುಟ್ಟಲಿಲ್ಲ.

"ಅಂವಾ ಇದ್ದಾಗ ಹೇಳಬೇಕಿತ್ತು," ಎಂದಳು. "ನಮ್ಮಕ್ಕ ಅಂಜ್ಯಾಳ ಅಂತ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಿದ್ದ. ಈಗ ಯಾರಿಗ್ ಹೇಳ್ಲಿ?"

ಕುರಿಗಳಿಗೆ ನೀರು ಕುಡಿಸುವ ಹೊತ್ತಾಗಿತ್ತು. ಆಕೆ ಎದ್ದು ಹೊರಗೆ ಹೋದಳು. ಅಲ್ಲಿಂದ ಈಚೆಗೆ ಆ ಮನೆಯಿಂದ ನನಗೆ ಕರೆ ಬಂದಿಲ್ಲ.

ಈ ಬೇಸಿಗೆಯ ತಪಾಸಣೆಯಲ್ಲಿ ನನ್ನದು ನಾಲ್ಕನೆಯ ಹಂತಕ್ಕೆ ಇಳಿದಿದೆ. ಉಪ್ಪು ಬಿಟ್ಟಿದ್ದೇನೆ, ಬಿಪಿಯ ಗುಳಿಗೆ ತಪ್ಪಿಸುವುದಿಲ್ಲ. ಇದರಿಂದ ರೋಗ ನಿಧಾನವಾಗಬಹುದು, ನಿಲ್ಲುವುದಿಲ್ಲ ಎಂದಿದ್ದಾರೆ ಡಾಕ್ಟರು. ಮಗಳಿಗೆ ಇನ್ನೂ ಹೇಳಿಲ್ಲ.