ಕೊಕ್ಕರೆಯ ಮೂರು ಪದ

ಈಜುಕೊಳದ ಎತ್ತರದ ಕುರ್ಚಿಯ ಮೇಲೆ ಉದ್ದುದ್ದ ಕಾಲು ಇಳಿಬಿಟ್ಟು ಕೂರುವ ನನ್ನ ತಮ್ಮನನ್ನು ಎಲ್ಲರೂ ಕೊಕ್ಕರೆ ಎನ್ನುತ್ತಾರೆ. ಈಜುವವರು ಮುಳುಗದಂತೆ ಕಾಯುವುದು ಅವನ ಕೆಲಸ. ಟಿಕೆಟ್ ಕಿಟಕಿಯಲ್ಲಿ ಕೂರುವುದು ನನ್ನದು. ಕೊಳದ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸುತ್ತ ಅವನು ಬಾಯಲ್ಲೇ ತಲೆ ಎಣಿಸುತ್ತಾನೆ. ಲೆಕ್ಕ ತಪ್ಪಿದರೆ ಮತ್ತೆ ಮೊದಲಿಂದ. ಊಟಕ್ಕೆ ಕರೆದರೂ ಇತ್ತ ತಿರುಗುವ ಪೈಕಿ ಅಲ್ಲ.

ಅಂಥವನಿಗೆ ಇಂಗ್ಲಿಷ್ ವಕ್ಕರಿಸಿತು. ಹೊಸ ಮ್ಯಾನೇಜರ್ ಬಂದವರೇ, ಕಾಯುವವರೆಲ್ಲ ಇಂಗ್ಲಿಷಿನಲ್ಲಿ ಬಾಯಿಪರೀಕ್ಷೆ ಕೊಡಬೇಕು, ಫೇಲಾದವರು ಕುರ್ಚಿ ಬಿಟ್ಟಿಳಿದು ಬಚ್ಚಲು ತೊಳೆಯಬೇಕು ಎಂದುಬಿಟ್ಟರು. ಆಳದ ನೀರಿಗೆ ಹೆದರದ ನನ್ನ ತಮ್ಮ ತನ್ನ ಮಗಳ ಶಾಲೆಯ ಇಂಗ್ಲಿಷ್ ಪುಸ್ತಕಕ್ಕೆ ಹೆದರಿದ.

ಅದರಲ್ಲೂ ಸೀ, ಲುಕ್, ವಾಚ್ ಎಂಬ ಮೂರು ಪದ ಅವನ ಪ್ರಾಣ ಹಿಂಡಿದವು.

"ಮೂರೂ ನೋಡೋದೇ ಅಲ್ವೇನಕ್ಕಾ? ಒಂದು ಕೆಲಸಕ್ಕೆ ಮೂರು ಪದ ಯಾಕೆ ಬೇಕಿತ್ತು ಇವರಿಗೆ?"

"ನನ್ನ ಕೇಳ್ತೀಯಲ್ಲ, ನಾನೇನು ಇಂಗ್ಲಿಷ್ ಹೆತ್ತೋಳಾ?" ಎಂದೆ.

ಮಗಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. "ಅಪ್ಪಾ, ತಾನಾಗೇ ಕಣ್ಣಿಗೆ ಬಿದ್ರೆ ಸೀ. ನೀನು ಅತ್ತ ಕಣ್ಣು ತಿರುಗಿಸಿದ್ರೆ ಲುಕ್. ಏನಾಗುತ್ತೋ ಅಂತ ಗಮನವಿಟ್ಟು ಕಾದ್ರೆ ವಾಚ್."

ಅವನು ತಲೆಯಾಡಿಸಿ, "ಐ ವಾಚ್ ದಿ ಗೋಡೆ" ಎಂದ. ಅವಳು ಹಣೆ ಚಚ್ಚಿಕೊಂಡಳು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಕಿಟಕಿಯಿಂದ ನೋಡಿದೆ. ಅವನ ತುಟಿ ಅಲುಗುತ್ತಿತ್ತು. ತಲೆ ಎಣಿಸುತ್ತಿದ್ದಾನೆ ಅಂದುಕೊಂಡೆ. ಎಣಿಸುತ್ತಿರಲಿಲ್ಲವಂತೆ, ಅದೇ ಲಯದಲ್ಲಿ ಸೀ, ಲುಕ್, ವಾಚ್ ಎಂದು ಬಾಯಿಪಾಠ ಮಾಡುತ್ತಿದ್ದನಂತೆ. ಕಣ್ಣೇನೋ ಎಂದಿನಂತೆ ನೀರಿನ ಮೇಲೆಯೇ ಇತ್ತು. ಹಸಿರು ಟೋಪಿಯ ಪುಟ್ಟ ಹುಡುಗಿಯೊಬ್ಬಳು ಆ ಕಣ್ಣೆದುರೇ ಸದ್ದಿಲ್ಲದೆ ಕೆಳಗಿಳಿದಳು.

ಅವಳ ಅಜ್ಜಿ ಚೀರಿದಾಗಲೇ ಅವನಿಗೆ ಎಚ್ಚರ. ಹಾರಿದ, ಎತ್ತಿ ತಂದ, ಮಲಗಿಸಿ ಎದೆ ಒತ್ತಿದ. ಕೊನೆಗೆ ಮಗು ಕೆಮ್ಮಿ, ನೀರು ಕಾರಿ, ಅಳತೊಡಗಿತು. ಅಜ್ಜಿ ಅವನ ಕೈ ಹಿಡಿದು "ನೀನು ದೇವರಪ್ಪಾ" ಎಂದರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಅವನಿಗೆ ಮಾತ್ರ ಒಂದೊಂದು ಚಪ್ಪಾಳೆಯೂ ಕಪಾಳಕ್ಕೆ ಬಿದ್ದಂತಿತ್ತು.

ಮರುದಿನ ಪರೀಕ್ಷೆ. ಪ್ರಶ್ನೆ ಕೇಳಲು ಬಂದವರು ಹೊರಗಿನವರು, ಹಿಂದಿನ ದಿನದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ನಾನು ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದೆ.

"ವಾಟ್ ಈಸ್ ಯುವರ್ ವರ್ಕ್?" ಎಂದು ಕೇಳಿದರು.

ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಅದನ್ನು ಹೇಳಲಿಲ್ಲ.

"ಸರ್, ಎಸ್ಟರ್‌ಡೇ ಒನ್ ಗರ್ಲ್ ಗೋ ಡೌನ್. ಐ ಲುಕ್. ಐ ನಾಟ್ ವಾಚ್."

ಮುಗಿಯಿತು, ಇವನು ತನ್ನ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಂಡ ಅಂದುಕೊಂಡೆ. ಒಳಗೆ ನಗು ಕೇಳಿಸಿತು.

"ಲುಕ್ ಅಂಡ್ ವಾಚ್! ವೆರಿ ಗುಡ್ ಎಕ್ಸಾಂಪಲ್! ಪಾಸ್."

ಹೊರಬಂದವನ ಮುಖದಲ್ಲಿ ರಕ್ತವಿರಲಿಲ್ಲ. "ನಿಜ ಹೇಳ್ದೆ ಅಕ್ಕಾ. ಉದಾಹರಣೆ ಅಂದ್ಕೊಂಡ್ರು."

ಅವನು ಕುರ್ಚಿ ಹತ್ತಿ ಕೂತ. ಹಸಿರು ಟೋಪಿ ಅಂದು ಬಂದಿರಲಿಲ್ಲ. ಕೊಳದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅವನು ತಲೆ ಎಣಿಸತೊಡಗಿದ: ಒಂದು, ಎರಡು, ಮೂರು.